ಅದೇ ಐದು ಸಂಖ್ಯೆ, ಎರಡು ಲೈಬ್ರರಿ, ಎರಡು ಉತ್ತರ: ಯಾವುದನ್ನು ನಂಬಲಿ?

ಹೊಸಪುಟ
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮ ಹಳೆಯ ರಿಪೋರ್ಟ್ ಸ್ಕ್ರಿಪ್ಟ್ ಪೈಥಾನ್‌ನ ನಂಪೈ ಲೈಬ್ರರಿಯಲ್ಲಿತ್ತು, ಅದನ್ನು ಪಾಂಡಾಸ್ ಅನ್ನೋ ಇನ್ನೊಂದು ಲೈಬ್ರರಿಗೆ ಬದಲಾಯಿಸುತ್ತಿದ್ದೇನೆ. ಒಂದೊಂದು ರಿಕ್ವೆಸ್ಟ್‌ಗೆ ಸರ್ವರ್ ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಅನ್ನೋದೇ ಡೇಟಾ. ಹಳೆಯದಕ್ಕೂ ಹೊಸದಕ್ಕೂ ಮೊತ್ತ ಸರಿಹೋಗುತ್ತೆ, ಸರಾಸರಿ ಸರಿಹೋಗುತ್ತೆ, ಕನಿಷ್ಠ ಗರಿಷ್ಠ ಎಲ್ಲಾ ಸರಿಹೋಗುತ್ತೆ. ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ, ಅದು ಮಾತ್ರ ಎಲ್ಲಾ ಸಾಲಲ್ಲೂ ಬೇರೆ.

ಕೊನೆಗೆ ಐದೇ ಐದು ಸಂಖ್ಯೆ ಇಟ್ಟುಕೊಂಡು ನೋಡಿದೆ: 12, 15, 11, 14, 18. ನಂಪೈ 2.449 ಅನ್ನುತ್ತೆ. ಪಾಂಡಾಸ್ 2.739 ಅನ್ನುತ್ತೆ. ಇವೆರಡರಲ್ಲಿ ಯಾವುದರಲ್ಲಿ ಬಗ್ ಇದೆ? ಇಷ್ಟು ದಿನ ಕಳಿಸಿದ ರಿಪೋರ್ಟೆಲ್ಲಾ ತಪ್ಪಾ ಅಂತ ಮೇಲಿನವರು ಕೇಳುತ್ತಿದ್ದಾರೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಸಾಲುಗಟ್ಟಿ
ಯಾವುದರಲ್ಲೂ ಬಗ್ ಇಲ್ಲ. ಡಿಡಿಒಎಫ್ ಅನ್ನೋ ಆರ್ಗ್ಯುಮೆಂಟ್ ನೋಡಿ, ಭಾಗಿಸುವಾಗ ಎಣಿಕೆಯಿಂದ ಎಷ್ಟು ಕಳೆಯಬೇಕು ಅಂತ ಅದು ಹೇಳುತ್ತೆ. ನೀವೇನೂ ಕೊಡದಿದ್ದರೆ ನಂಪೈನಲ್ಲಿ ಅದು 0, ಪಾಂಡಾಸ್‌ನಲ್ಲಿ 1.

ಹೊಸಪುಟ
ನೋಡಿದೆ, 1 ಅಂತ ಕೊಟ್ಟರೆ ನಂಪೈ ಕೂಡ 2.739 ಕೊಡುತ್ತೆ. ಉಪಕಾರ ಆಯಿತು. ಆದರೆ ಎರಡೂ ಸರಿ ಅಂದರೆ ಹೇಗೆ? ಒಂದು ಪಟ್ಟಿಗೆ ಒಂದೇ ಸ್ಟ್ಯಾಂಡರ್ಡ್ ಡೀವಿಯೇಶನ್ ಇರಬೇಕು ಅಲ್ವಾ?

ಲೆಕ್ಕದಮೇಷ್ಟ್ರು
ಕೈಯಲ್ಲೇ ಮಾಡಿ ನೋಡೋಣ, ಐದೇ ಸಂಖ್ಯೆ ತಾನೇ. ಮೊತ್ತ 70, ಸರಾಸರಿ 14. ಪ್ರತಿ ಸಂಖ್ಯೆಯಿಂದ 14 ಕಳೆದರೆ −2, 1, −3, 0, 4. ವರ್ಗ ಮಾಡಿದರೆ 4, 1, 9, 0, 16. ಕೂಡಿದರೆ 30. ಇಲ್ಲಿವರೆಗೆ ಎರಡು ಲೈಬ್ರರಿಯೂ ಒಂದೇ ದಾರಿಯಲ್ಲಿವೆ. ಈ 30 ಅನ್ನು 5ರಿಂದ ಭಾಗಿಸಿದರೆ 6, ಅದರ ವರ್ಗಮೂಲ 2.449. 4ರಿಂದ ಭಾಗಿಸಿದರೆ 7.5, ಅದರ ವರ್ಗಮೂಲ 2.739. ವ್ಯತ್ಯಾಸ ಇಷ್ಟೇ.

5ರಿಂದ ಭಾಗಿಸಿದರೆ ಸಿಗುವುದು ಈ ಐದು ಸಂಖ್ಯೆಗಳು ತಮ್ಮೊಳಗೇ ಎಷ್ಟು ಚದುರಿವೆ ಅನ್ನೋದು. ನಿಮ್ಮ ಲೋಕವೇ ಈ ಐದು ಸಂಖ್ಯೆ ಆಗಿದ್ದರೆ ಅದೇ ಸರಿ. ಆದರೆ ಈ ಐದು ಒಂದು ದೊಡ್ಡ ರಾಶಿಯಿಂದ ತೆಗೆದ ಸ್ಯಾಂಪಲ್ ಆಗಿದ್ದು, ನಿಮಗೆ ಬೇಕಾದದ್ದು ಆ ರಾಶಿಯ ಚದುರುವಿಕೆ ಆಗಿದ್ದರೆ 4ರಿಂದ ಭಾಗಿಸಬೇಕು.

ಹೊಸಪುಟ
ಅದೇ ಅರ್ಥ ಆಗದೇ ಇರೋದು. ಯಾಕೆ 4? ಒಂದು ಕಡಿಮೆ ಮಾಡಿದರೆ ಸರಿಹೋಗುತ್ತೆ ಅಂತ ಯಾರು ಹೇಳಿದರು?

ಲೆಕ್ಕದಮೇಷ್ಟ್ರು
ಒಳ್ಳೆ ಪ್ರಶ್ನೆ. ಇದನ್ನು ಸೂತ್ರ ಅಂತ ಬಾಯಿಪಾಠ ಮಾಡಿಸಿ ಬಿಟ್ಟುಬಿಡುತ್ತಾರೆ, ಅದು ನನಗೆ ಯಾವತ್ತೂ ಬೇಸರದ ವಿಷಯ.

ಒಂದು ಪುಟ್ಟ ಲೋಕ ತಗೊಳ್ಳಿ. ಅದರಲ್ಲಿ ಎರಡೇ ಸಂಖ್ಯೆ: 0 ಮತ್ತು 2. ಸರಾಸರಿ 1, ಎರಡೂ ಅದರಿಂದ ಒಂದೊಂದು ದೂರ, ಹಾಗಾಗಿ ನಿಜವಾದ ವೇರಿಯನ್ಸ್, ಅಂದರೆ ವರ್ಗಮೂಲ ತೆಗೆಯುವ ಮುಂಚಿನ ಬೆಲೆ, 1. ಈಗ ಇದರಿಂದ ಎರಡೆರಡು ಸಂಖ್ಯೆ ಎತ್ತಿ. ಒಂದು ಎತ್ತಿ, ವಾಪಸ್ ಇಟ್ಟು, ಇನ್ನೊಂದು ಎತ್ತಬೇಕು. ಬರಬಹುದಾದ ಜೋಡಿಗಳು ನಾಲ್ಕು: 0 0, 0 2, 2 0, 2 2. ಪ್ರತಿ ಜೋಡಿಗೂ 2ರಿಂದ ಭಾಗಿಸಿ ವೇರಿಯನ್ಸ್ ತೆಗೆದರೆ 0, 1, 1, 0. ನಾಲ್ಕರ ಸರಾಸರಿ ಅರ್ಧ. ನಿಜ 1 ಇದ್ದಾಗ ನಮಗೆ ಸಿಕ್ಕಿದ್ದು ಅರ್ಧ! ಅದೇ 1ರಿಂದ ಭಾಗಿಸಿದರೆ 0, 2, 2, 0. ಸರಾಸರಿ ಸರಿಯಾಗಿ 1.

ಕಾರಣ ಏನಂದರೆ, ಸ್ಯಾಂಪಲ್‌ನ ಸರಾಸರಿಯನ್ನು ಅದೇ ಸಂಖ್ಯೆಗಳಿಂದ ತೆಗೆದಿದ್ದೇವೆ. ಅದು ಯಾವಾಗಲೂ ಆ ಸಂಖ್ಯೆಗಳ ನಟ್ಟನಡುವೆ ಹೋಗಿ ಕೂರುತ್ತೆ. ನಿಜವಾದ ಸರಾಸರಿ ಬೇರೆ ಎಲ್ಲೋ ಇರಬಹುದು. ಹಾಗಾಗಿ ನಾವು ಅಳೆದ ದೂರಗಳು ನಿಜಕ್ಕಿಂತ ಸ್ವಲ್ಪ ಕಡಿಮೆ ಬರುತ್ತವೆ. ಒಂದು ಕಡಿಮೆ ಮಾಡಿ ಭಾಗಿಸಿದರೆ ಆ ಕೊರತೆ ಸರಿಯಾಗಿ ತುಂಬಿಕೊಳ್ಳುತ್ತೆ. ಇದಕ್ಕೆ ಬೆಸೆಲ್ ತಿದ್ದುಪಡಿ ಅಂತ ಹೆಸರು, 19ನೇ ಶತಮಾನದ ಖಗೋಳ ವಿಜ್ಞಾನಿ ಬೆಸೆಲ್ ಹೆಸರಲ್ಲಿ.

ಹೊಸಪುಟ
0 ಮತ್ತು 2ರ ಲೆಕ್ಕ ಕಾಗದದ ಮೇಲೆ ಮಾಡಿ ನೋಡಿದೆ. ಮೊದಲ ಸಲ ಅರ್ಥ ಆಯಿತು ಮೇಷ್ಟ್ರೇ. ತುಂಬಾ ಧನ್ಯವಾದ.

ಅರೆಬಿಂದು
ಸಣ್ಣ ತಿದ್ದುಪಡಿ: ಸರಿಯಾಗಿ ತುಂಬಿಕೊಳ್ಳುವುದು ವೇರಿಯನ್ಸ್‌ನಲ್ಲಿ ಮಾತ್ರ. ವರ್ಗಮೂಲ ತೆಗೆದ ಮೇಲೆ ಸ್ಟ್ಯಾಂಡರ್ಡ್ ಡೀವಿಯೇಶನ್ ಮತ್ತೆ ಸರಾಸರಿಯಲ್ಲಿ ಕೊಂಚ ಕಡಿಮೆಯೇ ಬರುತ್ತೆ. ಮೇಷ್ಟ್ರ ಉದಾಹರಣೆಯಲ್ಲೇ ನೋಡಿ: 0, 1.414, 1.414, 0. ಸರಾಸರಿ 0.707. ನಿಜ 1.

ಲೆಕ್ಕದಮೇಷ್ಟ್ರು
ಹೌದು, ಅದು ಸರಿ. ನಾನು ಹೇಳಬೇಕಿತ್ತು.

ಕಡತಕಪಾಟು
ಯಾವ ಕಡೆ ಯಾವುದು ಡೀಫಾಲ್ಟ್, ಅಂದರೆ ನಾವೇನೂ ಹೇಳದಿದ್ದರೆ ಅದು ತಾನೇ ಏನು ಮಾಡುತ್ತೆ ಅಂತ ಗೊತ್ತಿರೋದನ್ನು ಬರೆದಿಡುತ್ತೇನೆ, ಮುಂದೆ ಹುಡುಕಿಕೊಂಡು ಬರುವವರಿಗೆ ಉಪಯೋಗ ಆಗಲಿ. ಆರ್, ಮ್ಯಾಟ್‌ಲ್ಯಾಬ್, ಜೂಲಿಯಾ, ಪಾಂಡಾಸ್, ಪೈಟಾರ್ಚ್ ಇವೆಲ್ಲಾ ಒಂದು ಕಡಿಮೆ ಮಾಡಿಯೇ ಭಾಗಿಸುತ್ತವೆ. ನಂಪೈ ಪೂರ್ತಿ ಸಂಖ್ಯೆಯಿಂದ ಭಾಗಿಸುತ್ತೆ. ಸೈಕಿಟ್‌ಲರ್ನ್‌ನ ಸ್ಟ್ಯಾಂಡರ್ಡ್ ಸ್ಕೇಲರ್ ಕೂಡ ಹಾಗೇ. ಪೈಥಾನ್ ಜೊತೆಗೇ ಬರುವ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್‌ನಲ್ಲಿ, ಅಂದರೆ 2014ರ 3.4 ಆವೃತ್ತಿಯಿಂದ ಇರೋದರಲ್ಲಿ, ಎರಡಕ್ಕೂ ಬೇರೆ ಬೇರೆ ಫಂಕ್ಷನ್ ಇದೆ: ಎಸ್‌ಟಿಡೆವ್ ಸ್ಯಾಂಪಲ್‌ಗೆ, ಪಿ-ಎಸ್‌ಟಿಡೆವ್ ಪೂರ್ತಿ ರಾಶಿಗೆ. ಎಕ್ಸೆಲ್‌ನಲ್ಲೂ 2010ರಿಂದ ಹೀಗೇ, ಹೆಸರಿನ ಕೊನೆಗೆ ಚುಕ್ಕಿ ಹಾಕಿ ಎಸ್ ಒಂದು, ಪಿ ಒಂದು.

ಡೇಟಾಬೇಸ್‌ನಲ್ಲಿ ಇನ್ನೂ ಹುಷಾರಾಗಿರಬೇಕು. ಎಸ್‌ಟಿಡಿ-ಡೆವ್ ಅಂತ ಅದೇ ಹೆಸರು ಬರೆದರೆ ಪೋಸ್ಟ್‌ಗ್ರೆಸ್ ಸ್ಯಾಂಪಲ್‌ದು ಕೊಡುತ್ತೆ, ಮೈಎಸ್‌ಕ್ಯೂಎಲ್ ಪೂರ್ತಿ ರಾಶಿಯದು ಕೊಡುತ್ತೆ. ಕ್ವೆರಿ ಒಂದಕ್ಷರ ಬದಲಾಗಿಲ್ಲ, ಉತ್ತರ ಮಾತ್ರ ಬದಲಾಗಿರುತ್ತೆ.

ನೇರಮಾತು
ಇದು ನಂಪೈ ತಪ್ಪೇ. ಡೀಫಾಲ್ಟ್ ಅನ್ನೋದು ಜಾಸ್ತಿ ಜನಕ್ಕೆ ಸರಿಹೋಗೋ ಹಾಗಿರಬೇಕು. ಜಾಸ್ತಿ ಜನರ ಕೈಯಲ್ಲಿರೋದು ಸ್ಯಾಂಪಲ್. ಹೊಸಬರು ಬಂದು ಎರಡು ದಿನ ಹಾಳುಮಾಡಿಕೊಳ್ಳುವ ಹಾಗೆ ಯಾಕಿಡಬೇಕು?

ಅರೆಬಿಂದು
ಒಪ್ಪಲ್ಲ. ನಂಪೈ ಇರೋದು ಅರೇಗಳ ಲೆಕ್ಕಕ್ಕೆ. ಒಂದು ಚಿತ್ರದ ಪಿಕ್ಸೆಲ್‌ಗಳೋ ಒಂದು ಸಿಗ್ನಲ್‌ನ ಬಿಂದುಗಳೋ ಇದ್ದರೆ, ಇರುವಷ್ಟೂ ಕೈಯಲ್ಲೇ ಇದೆ. ಅಲ್ಲಿ ಪೂರ್ತಿ ಸಂಖ್ಯೆಯಿಂದ ಭಾಗಿಸೋದೇ ಸಹಜ.

ಇನ್ನೊಂದು ಮಾತು. ಸಂಖ್ಯೆ ಜಾಸ್ತಿ ಇದ್ದರೆ ಈ ಜಗಳವೇ ಇಲ್ಲ. 5 ಇದ್ದರೆ ಸ್ಯಾಂಪಲ್ ಲೆಕ್ಕ ಶೇ 11.8 ಜಾಸ್ತಿ ಬರುತ್ತೆ. 100 ಇದ್ದರೆ ಶೇ 0.5. 1000 ಇದ್ದರೆ ಶೇ 0.05.

ನೇರಮಾತು
ಗ್ರೂಪ್‌ಬೈ ಮಾಡಿ ಸಾಲುಗಳನ್ನು ಗುಂಪುಗಳಾಗಿ ಒಡೆದ ಮೇಲೆ ಎಷ್ಟು ಗುಂಪಲ್ಲಿ 1000 ಸಾಲು ಉಳಿಯುತ್ತೆ ಹೇಳಿ? ಹತ್ತು ಲಕ್ಷ ಸಾಲಿನ ಟೇಬಲ್ ಆದರೂ ಗುಂಪಿಗೆ ಮೂರು ನಾಲ್ಕು ಸಾಲು ಬರೋದು ದಿನಾ ನೋಡುತ್ತೇವೆ. ಒಂದೇ ಸಾಲಿದ್ದರಂತೂ ನಂಪೈ ಧೈರ್ಯವಾಗಿ 0 ಅನ್ನುತ್ತೆ. ಚದುರುವಿಕೆಯೇ ಇಲ್ಲ ಅಂತ! ಪಾಂಡಾಸ್ ನ್ಯಾನ್ (ಇಲ್ಲಿ ಸಂಖ್ಯೆ ಇಲ್ಲ ಅನ್ನೋ ಗುರುತು) ಕೊಡುತ್ತೆ, ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ ಎರರ್ ಎಸೆಯುತ್ತೆ. ಒಂದು ಸಂಖ್ಯೆ ನೋಡಿ ಚದುರುವಿಕೆ ಹೇಳಕ್ಕಾಗಲ್ಲ ಅನ್ನೋದೇ ಪ್ರಾಮಾಣಿಕ ಉತ್ತರ.

ಅರೆಬಿಂದು
ಒಂದೇ ಸಾಲಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಡೀಫಾಲ್ಟ್ ವಿಷಯದಲ್ಲಿ ಇಲ್ಲ.

ಸಾಲುಗಟ್ಟಿ
ಇನ್ನೊಂದು ಕಡೆ ಜಾರುತ್ತೆ, ನೋಡಿಕೊಳ್ಳಿ. ಪಾಂಡಾಸ್ ಕಾಲಮ್ ಮೇಲೆ ನೇರ ಎಸ್‌ಟಿಡಿ ಕರೆದರೆ 2.739. ಅದೇ ಕಾಲಮ್‌ಗೆ ಟು-ನಂಪೈ ಹಚ್ಚಿ ಆಮೇಲೆ ಎಸ್‌ಟಿಡಿ ಕರೆದರೆ 2.449. ಸ್ಪೀಡ್ ಸಿಗಲಿ ಅಂತ ಯಾರೋ ಮಧ್ಯದಲ್ಲಿ ಅದೊಂದು ಪದ ಸೇರಿಸಿದರೆ ಸಾಕು. ಕೋಡ್ ರಿವ್ಯೂನಲ್ಲಿ ಯಾರ ಕಣ್ಣಿಗೂ ಬೀಳಲ್ಲ.

ಖಾಲಿಜಾಗ
ಎಲ್ಲರೂ ಡಿಡಿಒಎಫ್ ಹಿಂದೆ ಬಿದ್ದಿದ್ದೀರಿ. ನಂಪೈನಿಂದ ಪಾಂಡಾಸ್‌ಗೆ ಹೋಗುವಾಗ ಅದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ: ಖಾಲಿ ಬೆಲೆಗಳು. ನಂಪೈನಲ್ಲಿ ಪಟ್ಟಿಯಲ್ಲಿ ಒಂದು ನ್ಯಾನ್ ಇದ್ದರೆ ಸರಾಸರಿಯೂ ನ್ಯಾನ್. ಪಾಂಡಾಸ್ ಕೇಳದೆಯೇ ಅದನ್ನು ಬಿಟ್ಟು ಉಳಿದವಕ್ಕೆ ಲೆಕ್ಕ ಮಾಡುತ್ತೆ. ಡೇಟಾಬೇಸ್‌ನ ಸರಾಸರಿಯೂ ಹೀಗೇ, ನಲ್ ಇದ್ದ ಸಾಲು ಬಿಟ್ಟುಬಿಡುತ್ತೆ.

ನಾನು ಮೊದಲು ಕೆಲಸ ಮಾಡಿದ ಕಡೆ ನಡೆದದ್ದು ಹೇಳುತ್ತೇನೆ. ಗಂಟೆಗೊಂದು ಉಷ್ಣಾಂಶ ಕಳಿಸುವ ಸೆನ್ಸರ್‌ಗಳಿದ್ದವು. ಸಂಪರ್ಕ ತಪ್ಪಿದರೆ ಸೆನ್ಸರ್ −999 ಬರೆಯುತ್ತಿತ್ತು. ಆ ವಿಷಯ ಯಾವ ಕಾಗದದಲ್ಲೂ ಇರಲಿಲ್ಲ. 24 ಗಂಟೆಯಲ್ಲಿ 23 ಸಲ 26 ಡಿಗ್ರಿ, ಒಂದು ಸಲ −999 ಬಂತು ಅಂದುಕೊಳ್ಳಿ. ಆ ದಿನದ ಸರಾಸರಿ −16.7 ಡಿಗ್ರಿ. ಹಾಗೆ ಬಂದಿದ್ದರೆ ಯಾರಾದರೂ ಗಾಬರಿಯಾಗಿ ನೋಡುತ್ತಿದ್ದರು. ನಮ್ಮಲ್ಲಿ ಆಗಿದ್ದು ಬೇರೆ. ತಿಂಗಳ ಸರಾಸರಿ ತೆಗೆಯುತ್ತಿದ್ದರು. 720 ರೀಡಿಂಗ್‌ನಲ್ಲಿ ಒಂದೋ ಎರಡೋ −999. ಸರಾಸರಿ 26ರ ಬದಲು 24.6, ಇನ್ನೊಂದು ತಿಂಗಳು 23.2. ನೋಡಿದವರಿಗೆಲ್ಲಾ ಇರಬಹುದು ಅನ್ನಿಸೋ ಸಂಖ್ಯೆ. ಎಂಟು ತಿಂಗಳು ಹಾಗೇ ನಡೆಯಿತು. ಕನಿಷ್ಠ ಬೆಲೆ ಒಂದನ್ನು ಯಾರಾದರೂ ಪ್ರಿಂಟ್ ಮಾಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಗುಬ್ಬಿಕೀಲಿ
ಎಂಟು ತಿಂಗಳಾ? ಅಯ್ಯೋ.

ನೇರಮಾತು
ಇದಕ್ಕೇ ನಂಪೈ ಹಾಗೆ ನ್ಯಾನ್ ಹರಡಿಸೋದು ಸರಿ ಅನ್ನೋದು. ಡೇಟಾ ಇಲ್ಲ ಅಂದರೆ ಇಲ್ಲ ಅಂತ ಹೇಳಲಿ. ಬೇಕಾದವರು ನ್ಯಾನ್ ಬಿಟ್ಟು ಸರಾಸರಿ ತೆಗೆಯುವ ನ್ಯಾನ್-ಮೀನ್ ಕರೆಯಲಿ.

ಕಡತಕಪಾಟು
ಮೇಲೆ ನಂಪೈ ತಪ್ಪು ಅಂದಿರಿ, ಈಗ ಸರಿ ಅನ್ನುತ್ತಿದ್ದೀರಿ.

ನೇರಮಾತು
ಎರಡು ಬೇರೆ ವಿಷಯ ಅದು. ಒಂದರಲ್ಲಿ ತಪ್ಪು, ಒಂದರಲ್ಲಿ ಸರಿ. ಲೈಬ್ರರಿ ಪಕ್ಷ ಕಟ್ಟಿಕೊಂಡು ನನಗೇನಾಗಬೇಕು?

ಅರೆಬಿಂದು
ನ್ಯಾನ್ ಬಗ್ಗೆ ಇನ್ನೊಂದು. ಪೈಥಾನ್‌ನ ಮಾಮೂಲಿ ಮ್ಯಾಕ್ಸ್ ಫಂಕ್ಷನ್‌ಗೆ 1 ಮೊದಲು, ನ್ಯಾನ್ ಆಮೇಲೆ ಕೊಟ್ಟರೆ ಉತ್ತರ 1. ನ್ಯಾನ್ ಮೊದಲು, 1 ಆಮೇಲೆ ಕೊಟ್ಟರೆ ಉತ್ತರ ನ್ಯಾನ್. ನ್ಯಾನ್ ಜೊತೆ ದೊಡ್ಡದಾ ಚಿಕ್ಕದಾ ಅಂತ ಹೇಗೆ ಹೋಲಿಸಿದರೂ ಸುಳ್ಳು ಅಂತ ಬರೋದರಿಂದ, ಮೊದಲು ಕೈಗೆ ಬಂದದ್ದೇ ಉಳಿದುಬಿಡುತ್ತೆ. ಸಾರ್ಟ್ ಕೂಡ ಇದರಿಂದಲೇ ಕೆಡುತ್ತೆ. ಸಾರ್ಟ್ ಕೆಟ್ಟರೆ ಮೀಡಿಯನ್ (ಕ್ರಮವಾಗಿ ಜೋಡಿಸಿದ ಪಟ್ಟಿಯ ನಟ್ಟನಡುವಿನ ಬೆಲೆ) ಕೆಟ್ಟ ಹಾಗೇ.

ಗುಬ್ಬಿಕೀಲಿ
ಖಾಲಿ ಪಟ್ಟಿ ಬಗ್ಗೆ ಯಾರೂ ಹೇಳಿಲ್ಲ. ನಾನು ಜಾವಾದಲ್ಲಿ ಕೆಲಸ ಮಾಡೋದು. ಜಾವಾ 8ರಿಂದ ಇಂಟ್ ಸಮ್ಮರಿ ಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ಕ್ಲಾಸ್ ಇದೆ. ಎಣಿಕೆ, ಮೊತ್ತ, ಕನಿಷ್ಠ, ಗರಿಷ್ಠ, ಸರಾಸರಿ ಐದನ್ನೂ ಒಂದೇ ಸುತ್ತಿನಲ್ಲಿ ಕೊಡುತ್ತೆ. ತುಂಬಾ ಅನುಕೂಲ. ಆದರೆ ಒಂದೂ ಸಂಖ್ಯೆ ಕೊಡದೆ ಸರಾಸರಿ ಕೇಳಿದರೆ 0 ಅನ್ನುತ್ತೆ, ಕನಿಷ್ಠ ಕೇಳಿದರೆ 2147483647 ಅನ್ನುತ್ತೆ. ಒಂದು ಬೆಳಗ್ಗೆ ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಕನಿಷ್ಠ ಸಮಯ 2147483647 ಮಿಲಿಸೆಕೆಂಡ್ ಅಂತ ಬಂದು ಎಲ್ಲರೂ ಓಡಿ ಬಂದರು. ಸರ್ವರ್ ಚೆನ್ನಾಗೇ ಇತ್ತು. ಆ ಗಂಟೆಯಲ್ಲಿ ಒಂದೂ ರಿಕ್ವೆಸ್ಟ್ ಬಂದಿರಲಿಲ್ಲ ಅಷ್ಟೇ.

ಅದೇ ಜಾವಾದಲ್ಲಿ ಇಂಟ್ ಸ್ಟ್ರೀಮ್ ಮೇಲೆ ನೇರ ಆವರೇಜ್ ಕರೆದರೆ ಆಪ್ಷನಲ್, ಅಂದರೆ ಒಳಗೆ ಬೆಲೆ ಇರಬಹುದು ಇಲ್ಲದಿರಬಹುದು ಅನ್ನೋ ಡಬ್ಬಿ, ಬರುತ್ತೆ. ಖಾಲಿ ಇದ್ದರೆ ಏನು ಮಾಡಬೇಕು ಅಂತ ನೀವೇ ಬರೆಯಬೇಕು. ನನಗೆ ಅದೇ ಇಷ್ಟ. ಜಾವಾಸ್ಕ್ರಿಪ್ಟ್‌ನಲ್ಲಿ ಏನೂ ಕೊಡದೆ ಮ್ಯಾಥ್ ಮ್ಯಾಕ್ಸ್ ಕರೆದರೆ ಮೈನಸ್ ಇನ್ಫಿನಿಟಿ.

ಎಲೆಮರೆ
ಜಾವಾಸ್ಕ್ರಿಪ್ಟ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅಲ್ಲಿ ಮೀಡಿಯನ್ ಬರೆಯುವಾಗ ಸಾರ್ಟ್‌ಗೆ ಹೋಲಿಕೆ ಫಂಕ್ಷನ್ ಕೊಡದಿದ್ದರೆ, ಸಂಖ್ಯೆಗಳನ್ನು ಅಕ್ಷರಗಳ ಹಾಗೆ ಜೋಡಿಸುತ್ತೆ. 9, 10, 2, 100, 30 ಕೊಟ್ಟು ನೋಡಿ. 10, 100, 2, 30, 9 ಅಂತ ಜೋಡಿಸಿ ನಡುವಿನದು 2 ಅನ್ನುತ್ತೆ. ನಿಜವಾದ ಮೀಡಿಯನ್ 10. ಎಲ್ಲವೂ ಎರಡಂಕಿ ಸಂಖ್ಯೆ ಇಟ್ಟುಕೊಂಡು ಟೆಸ್ಟ್ ಬರೆದಿದ್ದರೆ ಟೆಸ್ಟ್ ಪಾಸಾಗುತ್ತೆ, ಅದೇ ಅಪಾಯ. ಮೇಲಾಗಿ ಆ ಸಾರ್ಟ್ ನಿಮ್ಮ ಮೂಲ ಪಟ್ಟಿಯನ್ನೇ ತಿರುವಿಹಾಕುತ್ತೆ. ಮೊದಲು ಕಾಪಿ ಮಾಡಿಕೊಳ್ಳಿ.

ತೇಲುಚುಕ್ಕಿ
ವೇರಿಯನ್ಸ್ ಅನ್ನು ಸ್ವಂತ ಬರೆದುಕೊಳ್ಳುವವರು ದಯವಿಟ್ಟು ಇದನ್ನು ಓದಿ. ಪುಸ್ತಕದಲ್ಲಿ ಒಂದು ಸುಲಭ ಸೂತ್ರ ಇರುತ್ತೆ: ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗ ಕಳೆಯಿರಿ. ಒಂದೇ ಸುತ್ತಲ್ಲಿ ಮುಗಿಯುತ್ತೆ ಅಂತ ಎಲ್ಲರಿಗೂ ಪ್ರೀತಿ. ಕಾಗದದ ಮೇಲೆ ಅದು ಸರಿ. ಕಂಪ್ಯೂಟರ್‌ನಲ್ಲಿ ಅಲ್ಲ.

4, 7, 13, 16 ತಗೊಳ್ಳಿ. ಸರಾಸರಿ 10, ದೂರಗಳ ವರ್ಗಗಳ ಮೊತ್ತ 90, ಸ್ಯಾಂಪಲ್ ವೇರಿಯನ್ಸ್ 30. ಈಗ ಪ್ರತಿಯೊಂದಕ್ಕೂ 100 ಕೋಟಿ ಕೂಡಿಸಿ. ಎಲ್ಲವೂ ಒಟ್ಟಿಗೆ ಅಷ್ಟೇ ದೂರ ಸರಿದಿವೆ, ಚದುರುವಿಕೆ ಬದಲಾಗಿಲ್ಲ, ಉತ್ತರ 30ಏ ಇರಬೇಕು. ಆ ಸುಲಭ ಸೂತ್ರ ಡಬಲ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ಮಾಮೂಲಿ 64 ಬಿಟ್ ರೂಪದಲ್ಲಿ) −170.67 ಕೊಡುತ್ತೆ. ವೇರಿಯನ್ಸ್ ಮೈನಸ್!

ಯಾಕೆ ಅಂತ ನೋಡಿ. ವರ್ಗಗಳ ಮೊತ್ತ 4ರ ಮುಂದೆ 18 ಸೊನ್ನೆ ಹಾಕಿದಷ್ಟು ದೊಡ್ಡದು. ಅಷ್ಟು ದೊಡ್ಡ ಸಂಖ್ಯೆಗಳನ್ನು ಡಬಲ್‌ನಲ್ಲಿ ಇಟ್ಟರೆ ಒಂದಕ್ಕೂ ಪಕ್ಕದ ಇನ್ನೊಂದಕ್ಕೂ ನಡುವೆ 512ರ ಅಂತರ. ನಮಗೆ ಬೇಕಾದ 90 ಆ ಅಂತರದೊಳಗೇ ಮುಳುಗಿಹೋಗುತ್ತೆ. ಕಳೆದಾಗ ಉಳಿದದ್ದು −512, ಅದನ್ನು 3ರಿಂದ ಭಾಗಿಸಿದರೆ −170.67. ಅದಕ್ಕೆ ವರ್ಗಮೂಲ ತೆಗೆಯಲು ಹೋದರೆ ನ್ಯಾನ್.

ಎಲೆಮರೆ
100 ಕೋಟಿ ಕೂಡಿಸೋದು ಯಾರು ಸ್ವಾಮಿ? ನಿಜ ಜೀವನದಲ್ಲಿ ಬರಲ್ಲ ಇದು.

ತೇಲುಚುಕ್ಕಿ
ಟೈಮ್‌ಸ್ಟ್ಯಾಂಪ್! 1970ರಿಂದ ಎಣಿಸಿದ ಸೆಕೆಂಡುಗಳು ಈಗ 170 ಕೋಟಿ ದಾಟಿವೆ. ಎರಡು ಈವೆಂಟ್‌ಗಳ ಸಮಯ ಎಷ್ಟು ಚದುರಿದೆ ಅಂತ ನೋಡಲು ನೇರ ಆ ಕಾಲಮ್ ಮೇಲೆ ಈ ಸೂತ್ರ ಹಾಕಿದ ಕ್ವೆರಿಯನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಒಂದೇ ಸುತ್ತಲ್ಲಿ ಮುಗಿಯಬೇಕು ಅಂದರೆ ವೆಲ್‌ಫೋರ್ಡ್ 1962ರಲ್ಲಿ ಬರೆದ ವಿಧಾನ ಇದೆ. ಮೂರೇ ಸಂಖ್ಯೆ ಕೈಯಲ್ಲಿಟ್ಟುಕೊಳ್ಳಿ: ಎಣಿಕೆ, ಈವರೆಗಿನ ಸರಾಸರಿ, ಈವರೆಗಿನ ದೂರಗಳ ವರ್ಗಗಳ ಮೊತ್ತ. ಹೊಸ ಸಂಖ್ಯೆ ಬಂದಾಗ ಎಣಿಕೆಗೆ ಒಂದು ಕೂಡಿಸಿ. ಹಳೆಯ ಸರಾಸರಿಯಿಂದ ಹೊಸ ಸಂಖ್ಯೆ ಎಷ್ಟು ದೂರ ಅಂತ ನೋಡಿ. ಆ ದೂರವನ್ನು ಎಣಿಕೆಯಿಂದ ಭಾಗಿಸಿ ಸರಾಸರಿಗೆ ಸೇರಿಸಿ. ಆಮೇಲೆ ಹೊಸ ಸರಾಸರಿಯಿಂದಲೂ ದೂರ ನೋಡಿ, ಎರಡು ದೂರಗಳನ್ನೂ ಗುಣಿಸಿ ಮೊತ್ತಕ್ಕೆ ಸೇರಿಸಿ. ದೈತ್ಯ ಸಂಖ್ಯೆಗಳ ವರ್ಗ ಎಲ್ಲೂ ಬರಲ್ಲ. ಆರು ಸಾಲಿನ ಕೋಡ್.

ಗುಬ್ಬಿಕೀಲಿ
ಹತ್ತು ಮಷಿನ್‌ನಲ್ಲಿ ಹರಿದು ಹಂಚಿದ ಡೇಟಾ ಇದ್ದರೆ? ಪ್ರತಿ ಮಷಿನ್‌ನ ಉತ್ತರ ತಗೊಂಡು ಸರಾಸರಿ ಮಾಡಿದರೆ ಸಾಕಾ?

ತೇಲುಚುಕ್ಕಿ
ಸಾಕಾಗಲ್ಲ. ಮೊದಲು ಬರೀ ಸರಾಸರಿಯನ್ನೇ ನೋಡಿ. ಒಂದು ಮಷಿನ್‌ಗೆ 900 ರಿಕ್ವೆಸ್ಟ್, ಸರಾಸರಿ 10 ಮಿಲಿಸೆಕೆಂಡ್. ಇನ್ನೊಂದಕ್ಕೆ 100 ರಿಕ್ವೆಸ್ಟ್, ಸರಾಸರಿ 110. ಎರಡರ ಸರಾಸರಿ 60 ಅಂತ ಬರೆಯುತ್ತಾರೆ. ನಿಜ ಏನು? 9000 ಮತ್ತು 11000 ಕೂಡಿಸಿ 1000ದಿಂದ ಭಾಗಿಸಿ. 20. ಮೂರು ಪಟ್ಟು ತಪ್ಪು!

ವೆಲ್‌ಫೋರ್ಡ್‌ನ ಆ ಮೂರು ಸಂಖ್ಯೆಗಳನ್ನು ಪ್ರತಿ ಮಷಿನ್‌ನಿಂದ ಕಳಿಸಿದರೆ ಸೇರಿಸಬಹುದು. ಎರಡು ಮೊತ್ತಗಳನ್ನು ಕೂಡಿ. ಜೊತೆಗೆ ಎರಡು ಸರಾಸರಿಗಳ ನಡುವಿನ ಅಂತರದ ವರ್ಗವನ್ನು ಎರಡು ಎಣಿಕೆಗಳಿಂದ ಗುಣಿಸಿ, ಒಟ್ಟು ಎಣಿಕೆಯಿಂದ ಭಾಗಿಸಿ ಸೇರಿಸಿ. ಮೀಡಿಯನ್‌ಗೆ ಹೀಗೆ ಆಗಲ್ಲ. ಹತ್ತು ಮೀಡಿಯನ್ ಕೊಟ್ಟರೆ ಒಟ್ಟಿನ ಮೀಡಿಯನ್ ತೆಗೆಯುವ ದಾರಿ ಇಲ್ಲ.

ಹೊಸಪುಟ
ಪರ್ಸೆಂಟೈಲ್? ನಮ್ಮ ರಿಪೋರ್ಟ್‌ನಲ್ಲಿ 90ನೇ ಪರ್ಸೆಂಟೈಲ್, ಅಂದರೆ ಶೇ 90ರಷ್ಟು ಬೆಲೆಗಳು ಯಾವ ಗಡಿಯೊಳಗಿವೆ ಅನ್ನೋದು ಕೂಡ ಇದೆ. ಅದರಲ್ಲೂ ಏನಾದರೂ ಹೀಗಿದೆಯಾ?

ಲೆಕ್ಕದಮೇಷ್ಟ್ರು
ಇದೆ, ಮತ್ತು ಡಿಡಿಒಎಫ್‌ಗಿಂತ ಜಾಸ್ತಿ ಇದೆ. ಹೈಂಡ್‌ಮನ್ ಮತ್ತು ಫ್ಯಾನ್ 1996ರಲ್ಲಿ ಪರ್ಸೆಂಟೈಲ್ ತೆಗೆಯುವ ಒಂಬತ್ತು ವಿಧಾನಗಳನ್ನು ಪಟ್ಟಿ ಮಾಡಿದ್ದಾರೆ. ಆರ್‌ನಲ್ಲಿ ಒಂಬತ್ತೂ ಇವೆ, ಸುಮ್ನೆ ಕರೆದರೆ ಏಳನೆಯದು. ನಂಪೈ ಕೂಡ ಏಳನೆಯದೇ.

1ರಿಂದ 10ರವರೆಗೆ ಸಂಖ್ಯೆ ಇಟ್ಟು 90ನೇ ಪರ್ಸೆಂಟೈಲ್ ಕೇಳಿ. ನಂಪೈ 9.1 ಅನ್ನುತ್ತೆ. ಪೈಥಾನ್‌ನ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್‌ನ ಕ್ವಾಂಟೈಲ್ಸ್ ಫಂಕ್ಷನ್ 9.9 ಅನ್ನುತ್ತೆ, ಅದು ಆರನೆಯ ವಿಧಾನ. ಪಟ್ಟಿಯಲ್ಲಿ ಇರುವ ಸಂಖ್ಯೆಯೇ ಬೇಕು ಅನ್ನುವವರು 9 ಅನ್ನುತ್ತಾರೆ. ಮೂರಕ್ಕೂ ಕಾರಣ ಇದೆ. ಒಂದು ಸಂಸ್ಥೆಯೊಳಗೆ ಒಂದೇ ವಿಧಾನ ಬಳಸುವುದು ಮುಖ್ಯ.

ಗುಬ್ಬಿಕೀಲಿ
ವಿಷಯ ಬಿಟ್ಟು ಒಂದು ಪ್ರಶ್ನೆ. ಮೋಡ್‌ಗೆ ಕನ್ನಡದಲ್ಲಿ ಏನಂತೀರಿ? ನಾನು ಶಾಲೆಯಲ್ಲಿ ಓದಿದ್ದು ಬಹುಲಕ. ಮೀಡಿಯನ್‌ಗೆ ಮಧ್ಯಾಂಕ.

ಎಲೆಮರೆ
ನಮಗೆ ರೂಢಿಬೆಲೆ ಅಂತಿತ್ತು. ಅದೇ ಚೆನ್ನಾಗಿದೆ, ಕೇಳಿದ ಕೂಡಲೇ ಅರ್ಥ ಆಗುತ್ತೆ. ಹೆಚ್ಚು ರೂಢಿಯಲ್ಲಿರೋ ಬೆಲೆ.

ಕಡತಕಪಾಟು
ಯಾವ ಹೆಸರಿಟ್ಟರೂ ಎರಡು ಬೆಲೆ ಸಮಸಮ ಬಂದರೆ ಏನು ಮಾಡೋದು ಅನ್ನೋದೇ ಪ್ರಶ್ನೆ. ಪೈಥಾನ್ 3.8ಕ್ಕೆ ಮುಂಚೆ ಎರರ್ ಬರುತ್ತಿತ್ತು. 3.8ರಿಂದ ಮೊದಲು ಕಂಡದ್ದನ್ನು ಕೊಡುತ್ತೆ. ಎಲ್ಲವೂ ಬೇಕಾದರೆ ಮಲ್ಟಿಮೋಡ್ ಕರೆಯಬೇಕು. ಹಳೆ ಕೋಡ್ ಆ ಎರರ್ ನಂಬಿಕೊಂಡಿದ್ದರೆ ಈಗ ಸದ್ದಿಲ್ಲದೆ ಮುಂದೆ ಹೋಗುತ್ತೆ.

ನೇರಮಾತು
ಸ್ವಲ್ಪ ತಡೆಯಿರಿ. ಹೊಸಪುಟ ಅವರೇ, ಈ ಸ್ಟ್ಯಾಂಡರ್ಡ್ ಡೀವಿಯೇಶನ್ ಯಾವ ಕೆಲಸಕ್ಕೆ ಬಳಸುತ್ತಿದ್ದೀರಿ? ಮತ್ತೆ ಆ ಐದು ಸಂಖ್ಯೆ ಎಲ್ಲಿಂದ ಬಂದವು? ಅದನ್ನು ಕೇಳದೆ ನಾವು ಇಷ್ಟೆಲ್ಲಾ ಮಾತಾಡಿಬಿಟ್ಟೆವು.

ಹೊಸಪುಟ
ಅಲಾರ್ಮ್‌ಗೆ. ಸರಾಸರಿಗೆ ಮೂರು ಸ್ಟ್ಯಾಂಡರ್ಡ್ ಡೀವಿಯೇಶನ್ ಕೂಡಿಸಿ, ಅದಕ್ಕಿಂತ ಮೇಲೆ ಹೋದ ರಿಕ್ವೆಸ್ಟ್ ಇದ್ದರೆ ಮೆಸೇಜ್ ಬರುತ್ತೆ. ಸಂಖ್ಯೆಗಳು ಎಲ್ಲಿಂದ ಬಂದವು ಅಂತ ಲಾಗ್ ನೋಡಿಕೊಳ್ಳುವ ತಂಡವನ್ನು ಈಗಷ್ಟೇ ಕೇಳಿದೆ. ಎಲ್ಲಾ ರಿಕ್ವೆಸ್ಟ್ ಬರೆಯಲ್ಲವಂತೆ. ನಿಮಿಷಕ್ಕೆ ಐದನ್ನು ಆರಿಸಿ ಬರೆಯುತ್ತಾರಂತೆ. ನನಗೆ ಇದು ಇವತ್ತೇ ಗೊತ್ತಾಗಿದ್ದು.

ಲೆಕ್ಕದಮೇಷ್ಟ್ರು
ಹಾಗಾದರೆ ಅದು ಸ್ಯಾಂಪಲ್. 2.739 ನಿಮಗೆ ಸರಿಯಾದದ್ದು. ಹಳೆಯ ರಿಪೋರ್ಟ್‌ನಲ್ಲಿ ಪ್ರತಿ ನಿಮಿಷದ ಅಂಕಿ ಶೇ 10.6 ಕಡಿಮೆ ಬಂದಿದೆ. ಮೇಲಿನವರಿಗೆ ಇದನ್ನೇ ಹೇಳಬಹುದು, ಎಷ್ಟು ತಪ್ಪು ಅಂತ ಗೊತ್ತಿರುವ ತಪ್ಪು ಇದು. ಹಳೆಯ ಅಂಕಿಗಳನ್ನು 1.118ರಿಂದ ಗುಣಿಸಿದರೆ ಸರಿಹೋಗುತ್ತೆ.

ಸಾಲುಗಟ್ಟಿ
ಅಲಾರ್ಮ್ ಗಡಿಯೂ ಬದಲಾಗುತ್ತೆ. ಹಳೆಯದರಲ್ಲಿ 14ಕ್ಕೆ 7.35 ಕೂಡಿ 21.35. ಹೊಸದರಲ್ಲಿ 22.22. ಮುಂದಿನ ನಿಮಿಷ 22 ಮಿಲಿಸೆಕೆಂಡ್‌ನ ರಿಕ್ವೆಸ್ಟ್ ಬಂದರೆ ಹಳೆಯ ಸ್ಕ್ರಿಪ್ಟ್ ಎಬ್ಬಿಸುತ್ತಿತ್ತು, ಹೊಸದು ಎಬ್ಬಿಸಲ್ಲ.

ಅರೆಬಿಂದು
ಮುಂದಿನ ನಿಮಿಷದ್ದಾ, ಅದೇ ನಿಮಿಷದ್ದಾ? ಇದು ಮುಖ್ಯ. ಪರೀಕ್ಷಿಸುವ ಸಂಖ್ಯೆ ಆ ಐದರೊಳಗೇ ಇದ್ದರೆ ಈ ಅಲಾರ್ಮ್ ಯಾವತ್ತೂ ಹೊಡೆಯಲ್ಲ.

ದೊಡ್ಡ ಸಂಖ್ಯೆಯೊಂದು ಒಳಗಿದ್ದರೆ ಅದು ಸರಾಸರಿಯನ್ನೂ ತನ್ನ ಕಡೆ ಎಳೆಯುತ್ತೆ, ಚದುರುವಿಕೆಯನ್ನೂ ಹಿಗ್ಗಿಸುತ್ತೆ. ಸ್ಯಾಂಪಲ್ ಲೆಕ್ಕದಲ್ಲಿ ಒಂದು ಸಂಖ್ಯೆ ಸರಾಸರಿಯಿಂದ ಎಷ್ಟು ಡೀವಿಯೇಶನ್ ದೂರ ಹೋಗಬಹುದು ಅನ್ನೋದಕ್ಕೆ ಮಿತಿ ಇದೆ: ಎಣಿಕೆಯಿಂದ ಒಂದು ಕಳೆದು, ಎಣಿಕೆಯ ವರ್ಗಮೂಲದಿಂದ ಭಾಗಿಸಿ. 5ಕ್ಕೆ ಅದು 1.79. 10ಕ್ಕೆ 2.85. 11ಕ್ಕೆ 3.02. ಅಂದರೆ 11 ಸಂಖ್ಯೆ ಇಲ್ಲದೆ ಮೂರು ದಾಟಲು ಸಾಧ್ಯವೇ ಇಲ್ಲ. ಆ 18ರ ಜಾಗದಲ್ಲಿ 1800 ಇಟ್ಟು ನೋಡಿ. ಸರಾಸರಿ 370.4, ಡೀವಿಯೇಶನ್ 799. ಗಡಿ 2768ಕ್ಕೆ ಹೋಗುತ್ತೆ. 1800 ಮಿಲಿಸೆಕೆಂಡ್ ತಗೊಂಡ ರಿಕ್ವೆಸ್ಟ್ ಮಾಮೂಲಿ ಅನ್ನಿಸಿಕೊಂಡು ದಾಟಿಹೋಗುತ್ತೆ.

ಹೊಸಪುಟ
ಕೋಡ್ ತೆಗೆದು ನೋಡಿದೆ. ಅದೇ ನಿಮಿಷದ ಐದನ್ನೇ ಪರೀಕ್ಷಿಸುತ್ತೆ. ಒಂದೂವರೆ ವರ್ಷದಿಂದ ಒಂದೂ ಅಲಾರ್ಮ್ ಬಂದಿಲ್ಲ. ನಾವು ಸಿಸ್ಟಮ್ ಚೆನ್ನಾಗಿದೆ ಅಂದುಕೊಂಡಿದ್ದೆವು.

ಖಾಲಿಜಾಗ
ನನ್ನ −999 ನೆನಪಾಯಿತು.

ಲೆಕ್ಕದಮೇಷ್ಟ್ರು
ಇದಕ್ಕೆ ಮೀಡಿಯನ್ ಮೇಲಿನ ದಾರಿ ನೋಡಿ. ಮೀಡಿಯನ್‌ನಿಂದ ಪ್ರತಿ ಸಂಖ್ಯೆ ಎಷ್ಟು ದೂರ ಅಂತ ತೆಗೆದು, ಆ ದೂರಗಳ ಮೀಡಿಯನ್ ತಗೊಳ್ಳಿ. ನಿಮ್ಮ ಐದಕ್ಕೆ ಮೀಡಿಯನ್ 14, ದೂರಗಳು 2, 1, 3, 0, 4, ಅವುಗಳ ಮೀಡಿಯನ್ 2. 18 ಹೋಗಿ 1800 ಬಂದರೂ ಅದು 2ಏ. ಮಾಮೂಲಿ ಗಂಟೆಯಾಕಾರದ ಡೇಟಾದಲ್ಲಿ ಇದನ್ನು 1.4826ರಿಂದ ಗುಣಿಸಿದರೆ ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ ಹೊಂದುತ್ತೆ. ಇಲ್ಲಿ 2.965. ಮೂರು ಪಟ್ಟು ತಗೊಂಡರೆ ಗಡಿ ಸುಮಾರು 22.9. 1800 ಎದ್ದು ಕಾಣುತ್ತೆ.

ನೇರಮಾತು
ಮತ್ತೆ ಐದೇ ಸಂಖ್ಯೆ ಮೇಲೆ ಗಡಿ ಕಟ್ಟಬೇಡಿ. ಹಿಂದಿನ ಒಂದು ಗಂಟೆಯ 300 ತಗೊಂಡು ಗಡಿ ಕಟ್ಟಿ, ಈ ನಿಮಿಷದ್ದನ್ನು ಅದರ ವಿರುದ್ಧ ನೋಡಿ.

ಹೊಸಪುಟ
ಹಾಗೇ ಮಾಡುತ್ತಿದ್ದೇನೆ. ಎಲ್ಲಾ ಕಡೆ ಡಿಡಿಒಎಫ್ 1 ಅಂತ ಬಾಯಿಬಿಟ್ಟು ಬರೆದಿದ್ದೇನೆ, ಡೀಫಾಲ್ಟ್ ಆಗಿದ್ದರೂ ಸರಿ. 12, 15, 11, 14, 18 ಅನ್ನೇ ಟೆಸ್ಟ್ ಆಗಿ ಹಾಕಿದೆ, 2.739 ಬರದಿದ್ದರೆ ಬಿಲ್ಡ್ ನಿಲ್ಲುತ್ತೆ. ಇನ್ನೊಂದು ಟೆಸ್ಟ್‌ನಲ್ಲಿ 18ರ ಜಾಗದಲ್ಲಿ 1800 ಇದೆ. ಹಿಂದಿನ ಒಂದೂವರೆ ವರ್ಷದ ಲಾಗ್ ಮೇಲೆ ಹೊಸ ಗಡಿ ಓಡಿಸಿದೆ, ಈಗಾಗಲೇ 41 ನಿಮಿಷಗಳು ಸಿಕ್ಕಿವೆ, ಇನ್ನೂ ಓಡುತ್ತಿದೆ. ಅವನ್ನು ಒಂದೊಂದಾಗಿ ನೋಡಲು ಕೂರುತ್ತಿದ್ದೇನೆ.

ಖಾಲಿಜಾಗ
ಮೊದಲು ಕನಿಷ್ಠ ಬೆಲೆ ಪ್ರಿಂಟ್ ಮಾಡಿ.

ಹೊಸಪುಟ
ಮಾಡಿದೆ. 0 ಇದೆ. ಮೂರು ಕಡೆ. ಯಾವ ರಿಕ್ವೆಸ್ಟೂ 0 ಮಿಲಿಸೆಕೆಂಡ್‌ನಲ್ಲಿ ಮುಗಿಯಲ್ಲ ಅಲ್ವಾ? ಲಾಗ್ ತಂಡಕ್ಕೆ ಮತ್ತೆ ಬರೆಯುತ್ತಿದ್ದೇನೆ.